ನಿಂಗಮ್ಮನ ಹತ್ತು ಬೆರಳು

ಸಂತೋಷಪಡಿ ಗೆಳೆಯರೇ, ಬ್ಯಾಂಕ್ ಖಾತೆ ಇಲ್ಲದವರೂ ಇನ್ನು ಡಿಜಿಟಲ್ ಪಾವತಿ ಮಾಡಬಹುದು. ಅದಕ್ಕೆಂದೇ ಇವತ್ತು ಬೇಗಂಪೇಟೆಯಲ್ಲಿ, ನಮ್ಮ ಆಫೀಸಿನ ಪಕ್ಕ ಏಳುತ್ತಿರುವ ಕಟ್ಟಡದೆದುರು ಶಿಬಿರ ಹಾಕಿದ್ದರು. ಆಧಾರ್ ತನ್ನಿ, ಹೆಬ್ಬೆರಳು ಒತ್ತಿ, ಹಣ ಹಾಕಿಡಲು ಮೊಬೈಲ್ ವಾಲೆಟ್ ಸಿದ್ಧ, ಅಷ್ಟೇ!

ಅಲ್ಲಿ ಇಟ್ಟಿಗೆ ಹೊರುವ ಯಾದಗಿರಿಯ ನಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಒತ್ತಿದರು. ಯಂತ್ರ ಒಪ್ಪಲಿಲ್ಲ. ಹತ್ತು ಬೆರಳೂ ಮುಗಿದವು. ಇಟ್ಟಿಗೆ, ಸಿಮೆಂಟಿಗೆ ಗೆರೆಗಳೆಲ್ಲ ಸವೆದಿದ್ದವು.

ಶಿಬಿರದವನಿಗೆ ಯಂತ್ರದ ಮೇಲೇ ಅನುಮಾನ ಬಂತು. ನೋಡುತ್ತ ನಿಂತಿದ್ದ ನನ್ನ ಆಧಾರ್ ಸಂಖ್ಯೆ ಕೇಳಿ, ಬೆರಳು ಇಡಿಸಿದ. ಕೀಬೋರ್ಡಿಗಿಂತ ಗಟ್ಟಿಯಾದದ್ದನ್ನು ಮುಟ್ಟದ ಬೆರಳು. ತಕ್ಷಣ ಹಸಿರು ದೀಪ!

“ಯಂತ್ರ ಸರಿಯಾಗಿದೆ, ಅವರ ಕೈಯೇ ಸರಿಯಿಲ್ಲ” ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟ. “ಹದಿನೈದು ದಿನ ಕೆಲಸ ಬಿಟ್ಟು ಕ್ರೀಮ್ ಹಚ್ಚಿಕೊಳ್ಳಲು ಹೇಳಿ, ಗೆರೆ ಮೂಡುತ್ತವೆ.”

ಅದನ್ನೇ ಕನ್ನಡದಲ್ಲಿ ಹೇಳಿದೆ. ನಿಂಗಮ್ಮ ನಕ್ಕುಬಿಟ್ಟರು. “ಕೆಲ್ಸ ಬಿಟ್ರ ಗೆರಿ ಬರ್ತಾವ್ರಿ ಅಕ್ಕಾರ. ಆದ್ರ ಇದ್ರಾಗ ಹಾಕಾಕ ರೊಕ್ಕ ಎಲ್ಲಿಂದ ಬರ್ತಾವು?”

ಈಗಷ್ಟೇ ನನ್ನ ಮೊಬೈಲಿಗೆ ಸಂದೇಶ ಬಂತು: “ಅಭಿನಂದನೆಗಳು! ಇನ್ನು ನಿಮಗೆ ಬ್ಯಾಂಕ್ ಖಾತೆ ಇಲ್ಲವೆಂಬ ಚಿಂತೆ ಬೇಡ.”

ನನಗೆ ಮೂರು ಖಾತೆಗಳಿವೆ.