ಆಚೆ ಲೋಕದ ಟೀಚರ್ ಗಿರಿಜಕ್ಕ

ಗಿರಿಜಕ್ಕನ ಕೂಗು ಮೊದಲು ಬರುತ್ತಿತ್ತು, ಗಿರಿಜಕ್ಕ ಆಮೇಲೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತ್ರಾಸಿಯ ನಮ್ಮ ಓಣಿಯ ತಿರುವಿನಲ್ಲಿ ಆಕೆ "ಬಂಗ್ಡೇ..." ಎಂದರೆ, ನಾನು ಪಾತ್ರೆ ಹುಡುಕಿಕೊಂಡು ನಿಧಾನವಾಗಿ ಹೊರಗೆ ಬಂದರೂ ಸಾಕಾಗುತ್ತಿತ್ತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ್ದು, ಲೇಡೀಸ್ ಡೋಂಟ್ ಶೌಟ್ ಎಂದು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದ ನನ್ನ ದನಿ ಮೂರನೇ ಬೆಂಚು ದಾಟಿದ್ದೇ ಇಲ್ಲ.

"ಟೀಚರಮ್ಮ, ನಿಮ್ಮ್ ಸ್ವರ ನಂಬ್ಕಂಡ್ ಹೋದ್ರೆ ಮೀನ್ ಬುಟ್ಟಿಯಗೇ ಕೊಳ್ತ್ ಹೋತ್ತ್" ಎಂದು ನಗುತ್ತಿದ್ದಳು.

ಅವಳ ತಮ್ಮ ಶೇಖರ ಮದುವೆಯ ವಿಡಿಯೋ ತೆಗೆಯುವವನು. ಎರಡು ಸಾವಿರದ ಒಂದೋ ಎರಡೋ ಇಸವಿಯಲ್ಲಿ ಅವನಿಗೆ ಸಿನಿಮಾ ಹುಚ್ಚು ಹಿಡಿಯಿತು. ಅದೂ ಸೈನ್ಸ್ ಫ್ಯಾಂಟಸಿ! ನಮ್ಮಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅವನ ಕಥೆಯಲ್ಲಿ ಕಡಲ ಬದಿ ನಮ್ಮ ಲೋಕ. ರಸ್ತೆ ದಾಟಿದರೆ ಆಚೆ ಲೋಕ. ಅಲ್ಲಿಯೂ ಇದೇ ಜನ, ಆದರೆ ಬದುಕು ಬೇರೆ. ಸ್ಪೆಷಲ್ ಎಫೆಕ್ಟ್ ಏನೆಂದರೆ, ಪಾತ್ರ ಮಾಡುವ ನಾವು ಹಿಮ್ಮುಖವಾಗಿ ನಡೆಯುವುದು, ಅವನು ಟೇಪನ್ನು ಉಲ್ಟಾ ಓಡಿಸುವುದು. ಆಗ ನಾವು ಸರಿಯಾಗಿ ಮುಂದೆ ಬರುತ್ತಿದ್ದೆವು, ಹಿಂದಿನ ಲಾರಿಗಳೆಲ್ಲ ರಿವರ್ಸ್ ಹೋಗುತ್ತಿದ್ದವು. ಕ್ಯಾಮೆರಾ ಮುಂಬೈಯಿಂದ ರಜೆಗೆ ಬಂದ ಗೆಳೆಯನದು. ಆ ಆಚೆ ಲೋಕದಲ್ಲಿ ನಾನು ಮೀನು ಮಾರುವವಳು, ಗಿರಿಜಕ್ಕ ಟೀಚರ್.

ಈ ತಮ್ಮನನ್ನು ಎತ್ತಿಕೊಳ್ಳಲೆಂದೇ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ಆಕೆ. ಅಕ್ಷರಗಳೆಲ್ಲ ಮರೆತುಹೋಗಿದ್ದವು. ಸಿನಿಮಾದಲ್ಲಿ ಬೋರ್ಡಿನ ಮೇಲೆ ಹೆಸರು ಬರೆಯುವ ಕೈ ತನ್ನದೇ ಆಗಬೇಕು ಎಂದು ಹಟ ಹಿಡಿದಳು. ದಿನಾ ಮೀನು ಕೊಟ್ಟ ಮೇಲೆ ನಮ್ಮ ಮೆಟ್ಟಿಲಿನ ಮೇಲೆ ಸೀಮೆಸುಣ್ಣದಲ್ಲಿ 'ಗಿರಿಜಾ', 'ಗಿರಿಜಾ'. ಜಾ ಮಾತ್ರ ಕೊನೆಯವರೆಗೂ ಸ್ವಲ್ಪ ವಾಲುತ್ತಿತ್ತು. ಬದಲಿಗೆ ನನಗೆ ಕೂಗುವ ಪಾಠ.

"ಹೊಟ್ಟೆಯಿಂದ ಬರ್ಕ್ ಅಮ್ಮ, ಗಂಟ್ಲಿಂದ ಅಲ್ಲ. ನೀವೆಂತ ಬಂಗ್ಡಿ ಹತ್ರ ಗುಟ್ಟ್ ಹೇಳ್ತ್ರಿಯಾ?"

ನನ್ನ ಕೂಗು ಬರಲೇ ಇಲ್ಲ. ಶೇಖರ ಅವಳ ಕೂಗನ್ನೇ ನನ್ನ ತುಟಿಗೆ ಅಂಟಿಸಿದ. ಹ್ಯುಮಿಲಿಯೇಟಿಂಗ್!

ಕ್ಯಾಮೆರಾ ಮುಂಬೈಗೆ ಮರಳುವ ಹಿಂದಿನ ದಿನ ಹೊಳೆಯಾಚೆಯ ಶಾಲೆಯಲ್ಲಿ ಶೂಟಿಂಗ್. ನನ್ನ ಕಾಟನ್ ಸೀರೆ ಉಟ್ಟು ಗಿರಿಜಕ್ಕ ಒಳಗೆ ಬಂದಳು, ಹೆಸರು ಬರೆದಳು, ತಿರುಗಿ ತೋರುಬೆರಳು ಎತ್ತಿ "ಸಿಟ್ ಡೌನ್, ಕ್ಲಾಸ್!" ಎಂದಳು. ಕ್ಯಾಮೆರಾ ಹಿಡಿದ ಶೇಖರನೂ ಕೂರಲು ಹೊರಟಿದ್ದ. ಒಂದೇ ಟೇಕ್.

ಹೊಳೆ ದಾಟಿ ಬರುವಾಗ ದೋಣಿಯಿಂದ ಅವನ ಚೀಲ ಜಾರಿತು. ಆ ಕ್ಯಾಸೆಟ್ ಅದರಲ್ಲೇ ಇತ್ತು. ಕಡಲು ನುಗ್ಗುವ ಹೊಳೆಯ, ಸೊಂಟದವರೆಗಿನ ಉಪ್ಪುನೀರಿಗೆ ಗಿರಿಜಕ್ಕ ನನ್ನ ಸೀರೆಯಲ್ಲೇ ಹಾರಿ ಎತ್ತಿ ತಂದಳು. ಶೇಖರ ಅದನ್ನು ಬಿಸಿಲಿಗಿಡಲು ಹೊರಟ.

"ಬಿಸ್ಲಿಗ್ ಹಾಕ್ರೆ ಒಣ್ಮೀನ್ ಆತ್ತ್ ಅದ್! ಸಿಹಿನೀರಗೆ ತೊಳ್ದ್ ಐಸಗೆ ಇಡ್. ನಾಳೆವರೆಗೆ ಎಂತದೂ ಆತಿಲ್ಲೆ."

"ಅಕ್ಕ, ಇದ್ ಮೀನಲ್ಲ ಮಾರಾಯ್ತಿ!"

"ಮೀನಿಗಿಂತ ನಾಜೂಕ್ ಅಲ್ದಾ? ಹಂಗಾರೆ ಐಸ್ ಜಾಸ್ತಿ ಹಾಕ್."

ನಮ್ಮ ಬಾವಿಕಟ್ಟೆಯಲ್ಲಿ ಅವಳೇ ತೊಳೆದಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು, ಮೀನಿನ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸಿನ ನಡುವೆ ಇಟ್ಟಳು. ಮರುದಿನ ಶೇಖರ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋದ. ಅಲ್ಲಿ ಕ್ಯಾಸೆಟ್ ರಿಪೇರಿ ಬಲ್ಲವರೊಬ್ಬರಿದ್ದರು. ಫೋನಿದ್ದದ್ದು ನನ್ನ ಮನೆಯಲ್ಲಿ. ಗಿರಿಜಕ್ಕ ಅಂದು ಮೀನಿಗೆ ಹೋಗಲಿಲ್ಲ. ಅಕ್ಷರ ತಿದ್ದಿದ ಅದೇ ಮೆಟ್ಟಿಲಿನ ಮೇಲೆ ಬುಟ್ಟಿಯಿಲ್ಲದೆ ಕೂತಳು. ಚಹಾ ಕೊಟ್ಟೆ, ಆರಿಹೋಯಿತು.

ಮಧ್ಯಾಹ್ನ ಫೋನು. "ಟೀಚರೇ, ಸಿಕ್ತ್! ಒಣಗ್ಸಿದ್ರೆ ಅಂಟ್ಕಂಡ್ ಪೂರಾ ಹಾಳಾತಿತ್ತಂಬ್ರ್. ಆದ್ರೆ ಅಂಗ್ಡಿ ಇಡೀ ಬಂಗ್ಡಿ ವಾಸ್ನಿ!"

ಗಿರಿಜಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಹೆಸ್ರ್ ಬರ್ದದ್ದ್ ಇತ್ತಾ? ಕೇಣಿ."

ಶೇಖರನನ್ನು ಕೇಳಿ, ಇದೆಯಂತೆ ಎಂದೆ. ಬಾಗಿಲ ಚೌಕಟ್ಟಿಗೆ ತಲೆಯಾನಿಸಿ, "ಅಬ್ಬ" ಎಂದಳು. ಅಷ್ಟೇ. ಆಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಸಿನಿಮಾ ನಮ್ಮ ಹಾಲಿನ ಟಿವಿಯಲ್ಲಿ ರಿಲೀಸ್ ಆಯಿತು. ಚಿತ್ರದ ಮೇಲೆ ಗೆರೆಗಳಿದ್ದವು, ವಾಲಿದ ಜಾ ಮಾತ್ರ ಸ್ಪಷ್ಟವಾಗಿತ್ತು. ಅಂದಿನಿಂದ ನಮ್ಮ ಗೇಟಿನಲ್ಲಿ ಬುಟ್ಟಿ ಇಳಿಸುವಾಗೆಲ್ಲ ಆಕೆ ಕೇಳುತ್ತಿದ್ದಳು, "ಹೋಂವರ್ಕ್ ಆಯ್ತಾ ಅಮ್ಮ?"

ವರ್ಷಗಳು ಕಳೆದು ಗಿರಿಜಕ್ಕನ ಮಂಡಿ ಸೋತಾಗ ಮುಂಬೈಯಲ್ಲಿರುವ ಅವಳ ಮಗಳು ಕರೆಸಿಕೊಂಡಳು. ಬೈಂದೂರು ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಗಿರಿಜಕ್ಕ ನನ್ನ ಕೈಗೆ ಆ ಥರ್ಮೊಕೋಲ್ ಪೆಟ್ಟಿಗೆ ಇಟ್ಟಳು, ಒಳಗೆ ಕ್ಯಾಸೆಟ್. "ಈಗ ಐಸ್ ಬೇಡ" ಎಂದಳು.

ರೈಲು ಹೊರಟಿತು. ಅವಳ ಕಿಟಕಿ ದೂರವಾಗುತ್ತಿದ್ದಂತೆ ಏನಾಯಿತೋ, ಪ್ಲಾಟ್‌ಫಾರ್ಮಿನ ಜನರೆಲ್ಲ ತಿರುಗಿ ನೋಡುವಂತೆ, ಹೊಟ್ಟೆಯಿಂದ ಕೂಗಿದೆ: "ಬಂಗ್ಡೇ...!"

ಕಿಟಕಿಯಿಂದ ಬಳೆಗಳ ಕೈಯೊಂದು ಹೊರಗೆ ಬಂತು. ತೋರುಬೆರಳು ಮೇಲೆದ್ದಿತು.

"ಸಿಟ್ ಡೌನ್, ಕ್ಲಾಸ್!"

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬೆಂಚಿನ ಮೇಲೆ ಕೂತೆ.