ಯರಗುಪ್ಪಿಯಲ್ಲಿ ಜಾಝ್ ಹಾಡಿದ್ದು

ಕಲಾವಿದನ ಬದುಕು ಒಂದು ಅಖಂಡ ತಪಸ್ಸು. ನನ್ನದು ಪ್ರತಿ ಶನಿವಾರ ಸಂಜೆ ಆರರಿಂದ ಎಂಟರವರೆಗೆ ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ನಡೆಯುತ್ತಿತ್ತು. ಉಳಿದ ದಿನ ಕುಂದಗೋಳದ ಕಚೇರಿಯೊಂದರಲ್ಲಿ ಗುಮಾಸ್ತ. ಎಂಬತ್ತರ ದಶಕದಲ್ಲಿ ಇಡೀ ತಾಲೂಕಿಗೆ ನಾನೊಬ್ಬನೇ ಜಾಝ್ ಗಾಯಕ; ಪೈಪೋಟಿ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಹೋಟೆಲಿನಲ್ಲಿ ಹಾಡುವವನೆಂದು ಮೂರು ಮನೆಯವರು ಕನ್ಯಾ ಕೊಡಲಿಲ್ಲ. ನಾಲ್ಕನೆಯದು ಯರಗುಪ್ಪಿ. 'ಇದೂ ತಪ್ಪಿತಂದ್ರ ನಾ ಇನ್ನ ತಿರುಗಾಡಂಗಿಲ್ಲ ನೋಡಪಾ,' ಎಂದು ಸೋದರಮಾವ ಬಸ್ಸಿನಲ್ಲೇ ಹೇಳಿಬಿಟ್ಟ.

ಹುಡುಗಿ ಅವಲಕ್ಕಿ ತಂದಿಟ್ಟು ಕೂತಳು. ಒಮ್ಮೆ ನನ್ನತ್ತ ನೋಡಿದಳು. ನನಗೆ ಅಷ್ಟೇ ಸಾಕಾಯಿತು. ಮಾವ ಪದ್ಧತಿಯಂತೆ ಕೇಳಿದ, 'ಹಾಡು ಬರ್ತದೇನವಾ?'

ಉತ್ತರ ಕೊಟ್ಟವರು ಅವಳ ಅಜ್ಜ, ಊರಿನ ಭಜನಾ ಮೇಳದ ಹಿರಿಯರು. 'ಆಕಿಗೆ ಬರಂಗಿಲ್ರಿ. ಹಾಡವ್ರು ನೀವ ಅಲ್ಲೇನ್ರಿ, ನೀವ ಹಾಡ್ರಿ,' ಎಂದು ನನ್ನತ್ತ ತಿರುಗಿದರು. 'ಜಾಝ್ ಅಂದ್ರ ಏನದು?'

'ಮನಸ್ಸಿಗೆ ಬಂದಂಗ ಬೆಳಸ್ಕೋತ ಹೋಗೂದ್ರಿ.'

'ಅದನ್ನ ನಾವೂ ಮಾಡ್ತೀವಿ,' ಎಂದು ಅಜ್ಜ ಮೇಳದವರನ್ನು ಕರೆಸಿದರು. ಏಳು ಮಂದಿ ತಾಳ ಹಿಡಿದು ನನ್ನ ಹಿಂದೆ ಕೂತರು.

ಜಾಝಿನಲ್ಲಿ ಅರ್ಥವಿಲ್ಲದ ಸದ್ದೂ ಹಾಡೇ; ನಾನು 'ಶೂ ಬಪ್ ಪಡಾ ಬಪ್' ಎಂದೆ. ಏಳೂ ಮಂದಿ ಕಣ್ಣು ಮುಚ್ಚಿ, ಭಕ್ತಿಯಿಂದ, 'ಶೂ ಬಪ್ ಪಡಾ ಬಪ್' ಎಂದರು. ಭಜನೆಯಲ್ಲಿ ಮುಂದಿನವನು ಅಂದದ್ದನ್ನು ಹಿಂದಿನವರು ಎತ್ತಿಕೊಳ್ಳಬೇಕು, ಅದು ನೇಮ. ನಾನು ತಾಳ ತಪ್ಪಿಸಿದೆ, ಅವರೂ ತಪ್ಪಿಸಿದರು. ಕೆಮ್ಮಿದೆ. ಅದೂ ಹಿಂದಿನಿಂದ ತಿರುಗಿ ಬಂತು, ಎರಡು ಸಲ. ಗಾಬರಿಯಾಗಿ ಬಾಯಿ ಮುಚ್ಚಿದರೆ, ದಣಿವಾರಿಸಿಕೊಳ್ಳುತ್ತಿದ್ದೇನೆಂದು ತಿಳಿದು ಕಡೆಯ ಸಾಲನ್ನೇ ಹಿಡಿದು ಏರಿಸತೊಡಗಿದರು. ಮಂಗಳಾರತಿ ಆಗದೆ ಭಜನೆ ನಿಲ್ಲುವಂತಿಲ್ಲ. ಜಾಝಿನಲ್ಲಿ ಮಂಗಳಾರತಿ ಇಲ್ಲ. ಅರ್ಧ ತಾಸಾಯಿತು. ಮಾವ ತನ್ನ ಚಪ್ಪಲಿ ಎಲ್ಲಿವೆ ಎಂದು ನೋಡಿಟ್ಟುಕೊಂಡ.

ಆಗ ಹುಡುಗಿ ಎದ್ದು ಒಳಗೆ ಹೋಗಿ, ಆರತಿ ಹಚ್ಚಿಕೊಂಡು ಬಂದು ತಟ್ಟೆಯನ್ನು ನನ್ನ ಮುಂದಿಟ್ಟಳು. ಏಳು ಮಂದಿ ತಾಳ ಕೆಳಗಿಟ್ಟು ಕೈ ಮುಗಿದರು. ಹಾಡು ನಿಂತಿತು.

ಅಜ್ಜ ತೀರ್ಪು ಕೊಟ್ಟರು. 'ಕಂಠ ಸುಮಾರ ಅದ. ಆದ್ರ ಮಂದೀನ್ನ ಹಾಡಸ್ತಾನ. ಏನಬೇ, ನಿನಗೇನ ಅನಸ್ತದ?'

'ನಿಲ್ಲಸೂದು ನನಗ ಬರ್ತದಲ್ಲ, ಆಗ್ಲಿ ತಗೋ ಅಜ್ಜಾ,' ಎಂದಳು.

ವೈಶಾಖದಲ್ಲಿ ಮದುವೆಯಾಯಿತು. ಶ್ರಾವಣ ಬರುವಷ್ಟರಲ್ಲಿ ಹೋಟೆಲಿನ ಹಾಡೂ ನಿಂತಿತ್ತು.