ಬೇಕೂಂತ ಕೊಟ್ಟಿದ್ದಾ?

ಚಿಕ್ಕಗಂಗಮ್ಮ ಸಿ.ಎಸ್. ಪುರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡವಳು. ಒಬ್ಬನೇ ಮಗ ಸಂತೋಷನನ್ನು ಸೊಂಟಕ್ಕೆ ಏರಿಸಿಕೊಂಡೇ ರಾಗಿ ಹೊಲದ ಕಳೆ ಕಿತ್ತವಳು, ಬಿಂದಿಗೆಯಲ್ಲಿ ನೀರು ಹೊತ್ತು ತೆಂಗಿನ ಸಸಿಗಳನ್ನು ಮರ ಮಾಡಿದವಳು. ಊರಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಗಂಗಮ್ಮನನ್ನು ಕೇಳಿ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ ಎನ್ನುತ್ತಿದ್ದರು.

ಸೊಸೆ ಪ್ರಮೀಳಾ ಕುಣಿಗಲ್ ಕಡೆಯವಳು. ಪಿಯುಸಿ ಓದಿದ್ದಳು. ಮಗಳು ಸಂಧ್ಯಾ ತುಮಕೂರಿನಲ್ಲಿ ಓದಬೇಕು, ತಾನೂ ಅಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರಬೇಕು ಎಂಬುದು ಅವಳ ಆಸೆ. ಸಂತೋಷ ತೋಟ ಬಿಟ್ಟು ಕದಲುವವನಲ್ಲ. ಒಂದು ಬೆಳಗ್ಗೆ ಬೀದಿ ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆದು, ನೀನೊಬ್ಬ ಇಲ್ಲದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ ಎಂದು ಪ್ರಮೀಳಾ ಅಂದುಬಿಟ್ಟಳು. ನೀರಿಗೆ ಬಂದಿದ್ದವರೆಲ್ಲ ಕೇಳಿಸಿಕೊಂಡರು.

ಅದಾದ ಮೂರನೆಯ ದಿನ ಸಂಜೆ ಸಂತೋಷ ತೋಟದಿಂದ ಬಂದವನೇ, ಕುಡಿಯೋಕೆ ಏನಾದ್ರೂ ಕೊಡು ಎಂದ. ಕರೆಂಟ್ ಹೋಗಿತ್ತು. ಹಿಂದಿನ ದಿನ ನೆಂಟರು ಬಂದಾಗ ತಂದ ಕೋಲಾ ಮಿಕ್ಕಿತ್ತೆಂದು ಪ್ರಮೀಳಾ ಗೂಡಿನಲ್ಲಿದ್ದ ಬಾಟಲಿ ತೆಗೆದು ಲೋಟಕ್ಕೆ ಸುರಿದು ಕೊಟ್ಟಳು. ಬಾಯಾರಿದ್ದವನು ಎರಡು ಗುಟುಕು ಎತ್ತಿ ಕುಡಿದ. ಆಮೇಲೆ ಲೋಟ ಬಿಸಾಡಿ ಬಚ್ಚಲಿಗೆ ಓಡಿದ. ಅದು ಕೋಲಾ ಆಗಿರಲಿಲ್ಲ, ಕಳೆಗೆ ಹೊಡೆಯುವ ಔಷಧಿಯಾಗಿತ್ತು.

ಆ ವಿಷ ತಕ್ಷಣ ಕೊಲ್ಲುವುದಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಸಂತೋಷ ಆರು ದಿನ ಇದ್ದ, ಪೂರ್ತಿ ಎಚ್ಚರದಲ್ಲೇ ಇದ್ದ. ಎರಡನೆಯ ದಿನ ಅಧಿಕಾರಿಯೊಬ್ಬರು ಬಂದು ಹೇಳಿಕೆ ಬರೆದುಕೊಂಡರು. ಯಾರು ಕೊಟ್ಟಿದ್ದು ಎಂದು ಕೇಳಿದರು. ನನ್ನ ಹೆಂಡತಿ ಎಂದ. ಮುಂದೆ ಏನೋ ಹೇಳಲು ಹೋದಾಗ ವಾಂತಿ ಬಂತು, ಹೇಳಿಕೆ ಅಲ್ಲಿಗೇ ನಿಂತಿತು.

ನಾಲ್ಕನೆಯ ದಿನ ಮಧ್ಯಾಹ್ನ ಹಾಸಿಗೆಯ ಬಳಿ ತಾಯಿ ಒಬ್ಬಳೇ ಇದ್ದಳು. ಬಾಯೆಲ್ಲ ಹುಣ್ಣಾಗಿತ್ತು. ಅವಳು ಕಿವಿಯನ್ನು ಅವನ ತುಟಿಯ ಹತ್ತಿರ ಇಟ್ಟಳು.

"ಅಮ್ಮ, ಮಿಕ್ಕಿದ್ದ ಕೋಲಾ ಕುಡ್ದು, ಪಕ್ಕದ ತೋಟದ ತಿಪ್ಪಯ್ಯನ ಹತ್ರ ಸ್ವಲ್ಪ ಔಷಧಿ ಇಸ್ಕೊಂಡು ಆ ಬಾಟ್ಲಿಗೆ ಹಾಕಿಟ್ಟೋನು ನಾನೇ. ಹೇಳೋದು ಮರ್ತೆ. ಅವ್ಳಿಗೆ ಗೊತ್ತಿಲ್ಲ ಕಣಮ್ಮ."

ಆರನೆಯ ದಿನ ಅವನು ಹೋದ.

ಮಣ್ಣು ಮುಗಿಸಿ ಬಂದ ಮೇಲೆ ಪೊಲೀಸರು ಚಿಕ್ಕಗಂಗಮ್ಮನನ್ನು ಕೇಳಿದರು. ನಲ್ಲಿಯ ಹತ್ತಿರದ ಜಗಳವನ್ನು ಅವಳು ಇದ್ದ ಹಾಗೆ ಹೇಳಿದಳು. ಮಗ ಬೇರೇನಾದರೂ ಹೇಳಿದನೇ ಎಂದರು. ಇಲ್ಲ ಎಂದಳು. ಆ ಇಲ್ಲ ಎಂಬ ಮಾತು ಹೇಗೆ ಬಾಯಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಮಗ ಸತ್ತ ಮನೆಯಲ್ಲಿ ಸೊಸೆ ಇನ್ನೂ ಉಸಿರಾಡುತ್ತಿದ್ದಾಳಲ್ಲ ಎಂಬುದೊಂದೇ ಅವಳ ಎದೆಯಲ್ಲಿ ಕುದಿಯುತ್ತಿತ್ತು. ಎರಡು ದಿನ ಒಳಗಿರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆದರೆ ಎರಡು ದಿನದಲ್ಲಿ ಅದು ಕೊಲೆ ಕೇಸಾಯಿತು. ಪ್ರಮೀಳಾ ತುಮಕೂರಿನ ಜೈಲು ಸೇರಿದಳು, ಜಾಮೀನು ಎರಡು ಸಲ ತಿರಸ್ಕಾರವಾಯಿತು. ದಿನ ಕಳೆದಂತೆ ಆ ಮಾತು ಹೇಳುವುದು ಇನ್ನೂ ಕಷ್ಟವಾಯಿತು. ತಿಪ್ಪಯ್ಯನೂ ತನ್ನ ತಲೆಗೆ ಬಂದೀತೆಂದು ಬಾಯಿ ಬಿಡಲಿಲ್ಲ.

ಏಳು ವರ್ಷದ ಸಂಧ್ಯಾ ಅಜ್ಜಿಯ ಹತ್ತಿರವೇ ಉಳಿದಳು. ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು. ಒಂದು ದಿನ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು:

"ಅಜ್ಜಿ, ಅಪ್ಪಂಗೆ ಅಮ್ಮ ಅದನ್ನ ಬೇಕೂಂತ ಕೊಟ್ಳಾ?"

ಚಿಕ್ಕಗಂಗಮ್ಮನ ಕೈ ನಿಂತಿತು. ಅವತ್ತು ಮಗನ ಮೂರನೆಯ ತಿಂಗಳ ತಿಥಿ. "ಹೂಂ" ಎಂದುಬಿಟ್ಟಳು.

ಮಗು ಮತ್ತೆ ಕೇಳಲಿಲ್ಲ. ಅಳಲೂ ಇಲ್ಲ. ಮುಂದಿನ ಸಲ ಸೋದರಮಾವ ಅನಂತರಾಜು ಜೈಲಿಗೆ ಕರೆದುಕೊಂಡು ಹೋಗಲು ಬಂದಾಗ ಮಂಚದ ಕೆಳಗೆ ತೂರಿಕೊಂಡು ಹೊರಗೆ ಬರಲೇ ಇಲ್ಲ. ಅನಂತರಾಜು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ. ತಂಗಿಗಾಗಿ ಕೋರ್ಟಿಗೂ ಜೈಲಿಗೂ ಓಡಾಡಿ ಸೊರಗಿಹೋಗಿದ್ದ. ಅವತ್ತು ಜಗಲಿಯ ಮೇಲೆ ಕೂತು ಮೆಲ್ಲಗೆ ಹೇಳಿದ: "ಕೊಟ್ಟಿದ್ದು ಪ್ರಮೀಳನೇ ಅನ್ನೋದನ್ನ ಯಾರೂ ಇಲ್ಲ ಅಂತಿಲ್ಲ ಅತ್ತೆ. ಗೊತ್ತಿದ್ದು ಕೊಟ್ಳಾ, ಗೊತ್ತಿಲ್ದೆ ಕೊಟ್ಳಾ, ಕೇಸಿರೋದೇ ಅಷ್ಟು ಅಂತಾರೆ ವಕೀಲ್ರು. ಅವಳ ಮನಸ್ಸಲ್ಲಿ ಏನಿತ್ತು ಅಂತ ಹೇಳೋರು ಯಾರಿದಾರೆ?"

ಹೇಳಬಲ್ಲವಳು ಅವನ ಎದುರಿಗೇ ಕೂತಿದ್ದಳು. ಕಾಫಿ ಮಾಡಿ ತರುತ್ತೇನೆಂದು ಎದ್ದು ಒಳಗೆ ಹೋದಳು.

ಹದಿನಾಲ್ಕು ತಿಂಗಳಾದ ಮೇಲೆ ತುಮಕೂರಿನ ಸೆಷನ್ಸ್ ಕೋರ್ಟಿನಿಂದ ಸಾಕ್ಷಿ ಹೇಳಲು ಸಮನ್ಸ್ ಬಂತು. ಬೆಳಗಿನ ಬಸ್ಸಿಗೆ ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿಗೆ ಹೋದಳು. ಪ್ರಮೀಳಾಳನ್ನು ಇಬ್ಬರು ಮಹಿಳಾ ಪೊಲೀಸರು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಅವಳ ಕೂದಲು ಅರ್ಧಕ್ಕೆ ಅರ್ಧ ಉದುರಿತ್ತು. ಕಣ್ಣೆತ್ತಿ ನೋಡಿದರೆ ಶಾಪ ಹಾಕುತ್ತಾಳೆಂದು ಚಿಕ್ಕಗಂಗಮ್ಮ ಅಂಜಿದ್ದಳು. ಪ್ರಮೀಳಾ ಶಾಪ ಹಾಕಲಿಲ್ಲ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬಿನಲ್ಲೇ ಕೇಳಿದಳು: ಮಗು ಊಟ ಮಾಡ್ತಾಳಾ?

ಚಿಕ್ಕಗಂಗಮ್ಮ ಹೂಂ ಎಂದು ತಲೆಯಾಡಿಸಿದಳು.

ಸರ್ಕಾರಿ ವಕೀಲರು ಜಗಳದ ವಿಷಯ ಕೇಳಿದರು. ಹೌದು, ಆಗಿತ್ತು ಎಂದಳು. ಅವರು ಅಷ್ಟಕ್ಕೇ ಮುಗಿಸಿ ಕೂತರು. ಪ್ರಮೀಳಾಳ ವಕೀಲ ಕರಿಬಸವಯ್ಯ ಎದ್ದು, ಆಸ್ಪತ್ರೆಯಲ್ಲಿ ಮಗ ಏನಾದರೂ ಹೇಳಿದ್ದನೇ ಎಂದು ಕೇಳಿದರು. ಬರುವ ಉತ್ತರ ಅವರಿಗೂ ಗೊತ್ತಿರಲಿಲ್ಲ. ಚಿಕ್ಕಗಂಗಮ್ಮ ಮಗನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಸರ್ಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೋರಿ, ಮತ್ತೆ ಎದ್ದು ನಿಂತು, ಸೊಸೆಯನ್ನು ಉಳಿಸಲು ಇವತ್ತು ಕಟ್ಟಿದ ಕಥೆಯಿದು ಎಂದರು. ಅಲ್ಲವಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು.

"ನನ್ನ ಮಗ ಸತ್ತಿದ್ದ ಸ್ವಾಮಿ. ಅದು ಯಾರ್ದಾದ್ರೂ ತಪ್ಪಾಗಿರ್ಬೇಕಿತ್ತು ನಂಗೆ. ಅವಂದೇ ತಪ್ಪು ಅಂದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?"

ನ್ಯಾಯಾಧೀಶರು ಅವಳಿಗೆ ನೀರು ಕೊಡಿಸಲು ಹೇಳಿದರು. ಆಮೇಲೆ ತಿಪ್ಪಯ್ಯನನ್ನೂ ಕರೆಸಿದರು. ಅವನೂ ಔಷಧಿ ಕೊಟ್ಟದ್ದನ್ನು ಒಪ್ಪಿಕೊಂಡ. ಮೂರು ತಿಂಗಳಿಗೆ ತೀರ್ಪು ಬಂತು. ವಿಷವಿದ್ದ ಲೋಟವನ್ನು ಆರೋಪಿಯೇ ಕೊಟ್ಟದ್ದು ನಿಜ, ಆದರೆ ಅದರಲ್ಲಿ ವಿಷವಿದೆಯೆಂದು ಅವಳಿಗೆ ತಿಳಿದಿರಲಿಲ್ಲ, ಕೊಲ್ಲುವ ಉದ್ದೇಶವೂ ಇರಲಿಲ್ಲ, ಸಿಟ್ಟಿನಲ್ಲಿ ಆಡಿದ ಮಾತನ್ನೇ ಉದ್ದೇಶವೆಂದು ತಿಳಿಯಲಾಗದು ಎಂದು ಅದರಲ್ಲಿತ್ತು. ಪ್ರಮೀಳಾ ಬಿಡುಗಡೆಯಾದಳು.

ಜೈಲಿನ ಬಾಗಿಲಿಗೆ ಚಿಕ್ಕಗಂಗಮ್ಮ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಳು. ಸಾಕ್ಷಿ ಹೇಳಿ ಬಂದ ದಿನದಿಂದಲೂ ಮಗುವಿಗೆ ತಿಳಿಹೇಳುತ್ತಲೇ ಇದ್ದಳು: ನಿಮ್ಮಮ್ಮ ಬೇಕೂಂತ ಕೊಟ್ಟಿದ್ದಲ್ಲ, ನಾನೇ ಬೇಕೂಂತ ಸುಳ್ಳು ಹೇಳಿದ್ದು. ಸಂಧ್ಯಾ ತಲೆಯಾಡಿಸುತ್ತಿದ್ದಳು. ಪ್ರಮೀಳಾ ಹೊರಗೆ ಬಂದು ಎರಡೂ ಕೈ ಚಾಚಿದಾಗ ಮಗು ಅಜ್ಜಿಯ ಸೀರೆಯ ಹಿಂದೆ ಸರಿಯಿತು.

ಪ್ರಮೀಳಾ ಚಾಚಿದ ಕೈಗಳನ್ನು ನಿಧಾನವಾಗಿ ಇಳಿಸಿದಳು. "ನನ್ನ ಮೇಲೆ ಹೇಳಿದ್ದು ಇರ್ಲಿ ಅತ್ತೆ, ನಿಮ್ಮ ಸಂಕಟ ನಂಗೆ ಗೊತ್ತು" ಎಂದಳು. "ಮಗೂಗೆ ಯಾಕೆ ಹೇಳಿದ್ರಿ?"

ಚಿಕ್ಕಗಂಗಮ್ಮ ಸೀರೆಯ ಹಿಂದಿದ್ದ ಮಗುವಿನ ಕೈ ಹಿಡಿದು ಮುಂದಕ್ಕೆ ತಂದಳು.

ಈಗ ತಾಯಿ ಮಗಳು ಉಪ್ಪಾರಹಳ್ಳಿಯಲ್ಲಿ ಅನಂತರಾಜುವಿನ ಮನೆಯಲ್ಲಿದ್ದಾರೆ. ಪ್ರಮೀಳಾ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಚಿಕ್ಕಗಂಗಮ್ಮ ತಿಂಗಳಿಗೊಂದು ಭಾನುವಾರ ಹೋಗಿಬರುತ್ತಾಳೆ. ಯಾರೂ ಬರಬೇಡ ಅನ್ನುವುದಿಲ್ಲ, ಕಾಫಿ ಕೊಡುತ್ತಾರೆ. ಸಂಧ್ಯಾ ಅಮ್ಮನ ಪಕ್ಕದಲ್ಲೇ ಮಲಗುತ್ತಾಳೆ, ಅಮ್ಮನ ಕೈಯಲ್ಲೇ ಜಡೆ ಹಾಕಿಸಿಕೊಳ್ಳುತ್ತಾಳೆ, ಈಚೆಗೆ ನಗುತ್ತಾಳೆ ಕೂಡ. ಎಲ್ಲ ಸರಿಹೋಯಿತೆಂದೇ ಚಿಕ್ಕಗಂಗಮ್ಮ ಅಂದುಕೊಂಡಿದ್ದಳು.

ಕಳೆದ ಸಲ ಹೋದಾಗ ಪ್ರಮೀಳಾ ಮಗಳಿಗೆ ಹಾಲು ತಂದುಕೊಟ್ಟಳು. ಹೋಂವರ್ಕ್ ಬರೆಯುತ್ತಿದ್ದ ಸಂಧ್ಯಾ ಪುಸ್ತಕದಿಂದ ಕಣ್ಣು ತೆಗೆಯದೆಯೇ ಲೋಟ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ಕುಡಿದಳು.

ಪ್ರಮೀಳಾ ಖಾಲಿ ಲೋಟಕ್ಕಾಗಿ ಕಾಯುತ್ತಾ ನಿಂತಿದ್ದಳು. ಅದು ದಿನಾ ನಡೆಯುವುದೆಂದು ಅವಳು ನಿಂತ ರೀತಿಯಿಂದಲೇ ತಿಳಿಯುತ್ತಿತ್ತು.